ಕಾವಲು ಗ್ರಂಥಿಯ ವಿವಾದ

ವಾಡಿಯಿಂದ ತಾಂಡೂರಿನ ಮೇಲೆ ಬರುವ ರೈಲುದಾರಿಯೂ ಬೀದರದಿಂದ ಜಹೀರಾಬಾದಿನ ಮೇಲೆ ಬರುವ ದಾರಿಯೂ ವಿಕಾರಾಬಾದಿನಲ್ಲಿ ಕೂಡಿಕೊಂಡು ಹೈದರಾಬಾದನ್ನು ಪ್ರವೇಶಿಸುವುದು ಲಿಂಗಂಪಲ್ಲಿಯ ಮೂಲಕ. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಿಂದ ಚಿಕಿತ್ಸೆಗಾಗಿ ಬರುವ ಕನ್ನಡಿಗರಲ್ಲಿ ಅನೇಕರು ಇಲ್ಲಿಯೇ ಇಳಿದು, ಸ್ಥಳೀಯ ರೈಲನ್ನು ಹಿಡಿದು ಲಕ್ಡೀಕಾಪುಲಿಗೆ ಹೋಗುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿರುವ ರೆಡ್ ಹಿಲ್ಸ್ ಬಡಾವಣೆಯಲ್ಲಿ ಮೆಹದಿ ನವಾಜ್ ಜಂಗ್ ಅವರ ಹೆಸರಿನ ಏಡಿಗಂತಿಯ ಆಸ್ಪತ್ರೆಯಿದೆ. ಅದು ಸ್ಥಾಪಿತವಾದ 1955ರಲ್ಲಿ ಕಲಬುರಗಿ, ಬೀದರ, ರಾಯಚೂರುಗಳೂ ಹೈದರಾಬಾದು ರಾಜ್ಯದಲ್ಲಿಯೇ ಇದ್ದವು. ಮರುವರ್ಷ ನವೆಂಬರ್ 1ರಂದು ರಾಜ್ಯದ ಗಡಿ ಬದಲಾಯಿತು. ರೋಗಿಗಳ ದಾರಿ ಬದಲಾಗಲಿಲ್ಲ.

ಹೀಗೆ ಬರುವವರಲ್ಲಿ ಬಾಯಿಯ ಏಡಿಗಂತಿ, ಗರ್ಭಕೊರಳಿನ ಏಡಿಗಂತಿ, ಸ್ತನದ ಏಡಿಗಂತಿಯವರೇ ಹೆಚ್ಚು. ಎಲ್ಲೋ ಒಬ್ಬರು ಅಂಗಾಲಿನಲ್ಲೊಂದು ಕಪ್ಪು ಕಲೆಯನ್ನು ಹೊತ್ತು ಬರುತ್ತಾರೆ. ಮುಳ್ಳು ಚುಚ್ಚಿದ ಗಾಯವೆಂದೋ, ಆಣಿಯೆಂದೋ ತಿಂಗಳುಗಟ್ಟಲೆ ಮುಲಾಮು ಹಚ್ಚಿ, ಅದು ಹುಣ್ಣಾಗಿ ರಸಿ ಒಸರಿದ ಮೇಲೆ ಬಂದವರು ಅವರು. ತುಣುಕು ತೆಗೆದು ಪರೀಕ್ಷಿಸಿದಾಗ ಮೆಲನೋಮ ಎಂಬ ಹೆಸರು ಹೊರಬೀಳುತ್ತದೆ. ಆ ಕಲೆಯನ್ನು ಸುತ್ತಲಿನ ಚರ್ಮದೊಡನೆ ಕತ್ತರಿಸಿ ತೆಗೆಯಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಪ್ರಶ್ನೆ ಅದರ ಮುಂದಿನದು. ತೊಡೆಸಂದಿನಲ್ಲಿ ಕೈಗೆ ಯಾವ ಗಂಟೂ ಸಿಕ್ಕುವುದಿಲ್ಲ. ರೋಗಿಗೆ ಅಲ್ಲಿ ನೋವೂ ಇಲ್ಲ. ಆದರೂ ಅಲ್ಲಿಯ ಒಂದು ಗ್ರಂಥಿಯನ್ನು ಹುಡುಕಿ ತೆಗೆದು ಪರೀಕ್ಷಿಸಬೇಕೆಂದು ವೈದ್ಯರು ಹೇಳುತ್ತಾರೆ. ಇದು ಬೇಕೇ, ಬೇಡವೇ ಎಂಬ ವಾದ ಮೂರು ದಶಕಗಳಿಂದ ಪಾಶ್ಚಾತ್ಯ ವೈದ್ಯಲೋಕದಲ್ಲಿ ನಡೆದುಬಂದಿದೆ. ಅದು ಎರಡು ಪಕ್ಷದ ಪಂಡಿತರ ಜಗಳವಾಗಿ ಮಾತ್ರ ಉಳಿದಿದ್ದರೆ ಅದರ ವಿಚಾರ ಇಲ್ಲಿ ಅನವಶ್ಯಕವಾಗುತ್ತಿತ್ತು. ಆದರೆ ಬೀದರದ ರೈತನಿಗೂ ಆ ವಾದದ ಫಲವೇ ಚಿಕಿತ್ಸೆಯಾಗಿ ಒದಗುತ್ತದೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ದ್ರವ್ಯವನ್ನು ತಯಾರಿಸುವ ಜೀವಕೋಶಗಳು ಮಿತಿಗೆಟ್ಟು ಬೆಳೆದಾಗ ಹುಟ್ಟುವ ಏಡಿಗಂತಿಯೇ ಮೆಲನೋಮ. ಎದೆಯ ಸದ್ದು ಕೇಳುವ ನಾಳವನ್ನು ಕಂಡುಹಿಡಿದ ಫ್ರಾನ್ಸಿನ ಲೆನೆಕ್ ಎಂಬ ವೈದ್ಯನೇ 1804ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ಮೊದಲು ವರ್ಣಿಸಿದವನು. ಬಿಸಿಲಿಗೆ ಬೇಗ ಬೇಯುವ ಬಿಳಿಯ ಚರ್ಮದವರಲ್ಲಿ ಇದು ಹೆಚ್ಚು. ಆಸ್ಟ್ರೇಲಿಯದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಮೂವತ್ತಕ್ಕೂ ಮೇಲ್ಪಟ್ಟವರಿಗೆ ಬಂದರೆ ಭಾರತದಲ್ಲಿ ಲಕ್ಷಕ್ಕೆ ಒಬ್ಬರಿಗೂ ಬರುವುದಿಲ್ಲ. ಇದರಿಂದ ಕರಿಯ ಮೈಯವರಿಗೆ ಈ ರೋಗವೇ ಇಲ್ಲವೆಂಬ ಭ್ರಮೆ ವಿದ್ಯಾವಂತರಲ್ಲಿಯೂ ಉಂಟು. ಬಿಸಿಲು ತಾಗದ ಅಂಗಾಲು, ಅಂಗೈ, ಉಗುರಿನ ಬುಡಗಳಲ್ಲಿ ಹುಟ್ಟುವ ಒಂದು ಬಗೆಯ ಮೆಲನೋಮ ಎಲ್ಲ ವರ್ಣದವರಿಗೂ ಸಮಾನ. ನಮ್ಮ ದೇಶದಲ್ಲಿ ಚರ್ಮದ ಮೆಲನೋಮ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲಿನಲ್ಲಿಯೇ. ಜಮೈಕದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿ 1981ರಲ್ಲಿ ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡುದು ಕಾಲ್ಬೆರಳಿನಲ್ಲಿ ಮೊದಲಾದ ಇಂಥ ರೋಗದಿಂದ.

ಈ ರೋಗದಲ್ಲಿ ಅಪಾಯವನ್ನು ಅಳೆಯುವ ಮಾನ ಬಹಳ ಸರಳವಾದುದು. ಕಲೆ ಎಷ್ಟು ಅಗಲವಾಗಿದೆ ಎಂಬುದಕ್ಕಿಂತ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಮುಖ್ಯ. ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಈ ದಪ್ಪವನ್ನು ಮಿಲಿಮೀಟರುಗಳಲ್ಲಿ ಅಳೆಯುವ ಕ್ರಮವನ್ನು ಹಾಕಿಕೊಟ್ಟನು. ಒಂದು ಮಿಲಿಮೀಟರಿಗಿಂತ ತೆಳುವಾದ ಗಂತಿಯನ್ನು ಕತ್ತರಿಸಿ ತೆಗೆದವರಲ್ಲಿ ಬಹುಪಾಲು ಜನ ಗುಣ ಹೊಂದುತ್ತಾರೆ. ನಾಲ್ಕು ಮಿಲಿಮೀಟರು ಮೀರಿದ ಗಂತಿ ಅನೇಕ ವೇಳೆ ಆಗಲೇ ರಕ್ತದ ಮೂಲಕ ದೂರದ ಅಂಗಗಳಿಗೆ ಹರಡಿರುತ್ತದೆ. ವಿವಾದದ ಕ್ಷೇತ್ರ ಈ ಎರಡರ ನಡುವಣದು.

ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿನಲ್ಲಿ ಗಂಟು ಏಳುವುದನ್ನು ಹಳ್ಳಿಯವರೆಲ್ಲ ಬಲ್ಲರು. ಶರೀರದ ಅಂಗಾಂಶಗಳಲ್ಲಿ ಒಸರುವ ತಿಳಿಯಾದ ದುಗ್ಧರಸ ಸಣ್ಣ ನಾಳಗಳಲ್ಲಿ ಹರಿದು, ತೊಡೆಸಂದು, ಕಂಕುಳು, ಕುತ್ತಿಗೆಗಳಲ್ಲಿ ಗೊಂಚಲಾಗಿರುವ ದುಗ್ಧಗ್ರಂಥಿಗಳಲ್ಲಿ ಸೋಸಿಕೊಂಡು ಮುಂದೆ ರಕ್ತವನ್ನು ಸೇರುತ್ತದೆ. ಕಾಲಿನ ಕೀವಿನ ವಿಷ ತೊಡೆಸಂದಿನಲ್ಲಿ ತಡೆಯಲ್ಪಡುವಂತೆ ಏಡಿಗಂತಿಯ ಕಣಗಳೂ ಅಲ್ಲಿ ಬಂದು ತಂಗುತ್ತವೆ. ಹಾಗಾದರೆ ಅವು ಬೆಳೆದು ಗಂಟಾಗುವ ಮುನ್ನವೇ ಗ್ರಂಥಿಗಳನ್ನು ತೆಗೆದುಬಿಡಬಾರದೇಕೆ ಎಂದು 1892ರಲ್ಲಿ ಲಂಡನ್ನಿನ ಕ್ಯಾನ್ಸರ್ ಆಸ್ಪತ್ರೆಯ ಹರ್ಬರ್ಟ್ ಸ್ನೋ ಎಂಬ ಶಸ್ತ್ರವೈದ್ಯನು ಪ್ರತಿಪಾದಿಸಿದನು. ತರ್ಕ ನಿರ್ದುಷ್ಟವಾಗಿ ತೋರಿತು. ಮುಂದೆ ಸುಮಾರು ಒಂದು ಶತಮಾನದ ಕಾಲ ಅನೇಕ ಶಸ್ತ್ರವೈದ್ಯರು, ಗಂಟು ಇರಲಿ ಇಲ್ಲದಿರಲಿ, ತೊಡೆಸಂದನ್ನೋ ಕಂಕುಳನ್ನೋ ಪೂರ್ತಿಯಾಗಿ ಬರಿದುಮಾಡುತ್ತ ಬಂದರು.

ಇದಕ್ಕೆ ತೆರಬೇಕಾದ ಬೆಲೆ ಸಣ್ಣದಾಗಿರಲಿಲ್ಲ. ಗ್ರಂಥಿಗಳನ್ನು ಕಳೆದುಕೊಂಡ ಕಾಲಿನಲ್ಲಿ ದುಗ್ಧರಸ ಹರಿಯಲು ದಾರಿಯಿಲ್ಲದೆ ನಿಂತು, ಕಾಲು ಆನೆಕಾಲಿನಂತೆ ಬಾತುಕೊಳ್ಳುತ್ತದೆ. ಒಮ್ಮೆ ಹಾಗಾದರೆ ಅದು ಜನ್ಮಕ್ಕಂಟಿದ ಬಾಧೆ. ಆಗಾಗ್ಗೆ ಜ್ವರ, ಕೆಂಪು ಬಾವು. ಹೊಲದಲ್ಲಿ ನಿಂತು ದುಡಿಯುವವನಿಗೆ ಇದು ಜೀವನೋಪಾಯದ ಹಾನಿಯೇ ಸರಿ. ಇಟಲಿಯ ಉಂಬೆರ್ತೊ ವೆರೊನೇಸಿ ಮತ್ತು ಅವನ ಸಂಗಡಿಗರು ಕೈಕಾಲುಗಳ ಮೆಲನೋಮವಿದ್ದ 553 ಜನರನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಗ್ರಂಥಿಗಳನ್ನು ಒಡನೆಯೇ ತೆಗೆದು, ಇನ್ನೊಂದರಲ್ಲಿ ಗಂಟು ಕಾಣಿಸಿಕೊಂಡಾಗ ಮಾತ್ರ ತೆಗೆದು ನೋಡಿದರು. ಬದುಕಿ ಉಳಿದವರ ಪ್ರಮಾಣ ಎರಡರಲ್ಲಿಯೂ ಒಂದೇ ಎಂದು 1977ರಲ್ಲಿ ವರದಿಯಾಯಿತು. ಆದರೂ ಸ್ನೋನ ತರ್ಕ ಸಾಯಲಿಲ್ಲ. ಗ್ರಂಥಿಯಲ್ಲಿ ನಿಜವಾಗಿ ರೋಗವಿದ್ದವರು ಐದರಲ್ಲಿ ಒಬ್ಬರು. ಉಳಿದ ನಾಲ್ವರಿಗೆ ಶಸ್ತ್ರಕ್ರಿಯೆ ನಿರರ್ಥಕ. ಆ ನಾಲ್ವರ ನಡುವೆ ಒಬ್ಬನಿಗಾದ ಲಾಭ ಲೆಕ್ಕದಲ್ಲಿ ಕಾಣದೆ ಹೋಗಿರಬಹುದಲ್ಲ, ಎಂದು ಅದರ ಪಕ್ಷದವರು ವಾದಿಸಿದರು.

ಆ ಒಬ್ಬನನ್ನು ಮೊದಲೇ ಗುರುತಿಸುವ ಉಪಾಯವನ್ನು ಮುಂದಿಟ್ಟವನು ಕ್ಯಾಲಿಫೋರ್ನಿಯದ ಡೊನಾಲ್ಡ್ ಮಾರ್ಟನ್. ಶಿಶ್ನದ ಏಡಿಗಂತಿಯನ್ನು ಕುರಿತು ರಮೋನ್ ಕಬಾನಾಸ್ 1977ರಲ್ಲಿ ಬರೆದ ಪ್ರಬಂಧದಲ್ಲಿ ಕಾವಲು ಗ್ರಂಥಿ ಎಂಬ ಕಲ್ಪನೆ ಆಗಲೇ ಬಂದಿತ್ತು. ಗೋಲ್ಕೊಂಡದ ಕೋಟೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಫತೇ ದರವಾಜೆಯಲ್ಲಿ ತಟ್ಟಿದ ಚಪ್ಪಾಳೆ ಬಾಲಾ ಹಿಸಾರಿನ ತುದಿಗೆ ಕೇಳಿಸುತ್ತದೆ, ಶತ್ರು ಬಂದುದನ್ನು ತಿಳಿಯಲು ಕೋಟೆಯನ್ನೆಲ್ಲ ಶೋಧಿಸಬೇಕಾಗಿಲ್ಲ, ಹೆಬ್ಬಾಗಿಲ ಕಾವಲುಗಾರನನ್ನು ಕೇಳಿದರೆ ಸಾಕು. ಚರ್ಮದ ಒಂದು ನಿರ್ದಿಷ್ಟ ಭಾಗದ ದುಗ್ಧರಸ ಮೊತ್ತಮೊದಲು ಬಂದು ಸೇರುವ ಗ್ರಂಥಿ ಒಂದೋ ಎರಡೋ ಇರುತ್ತವೆ. ಗಂತಿಯ ಕಣಗಳು ಹೊರಟಿದ್ದರೆ ಮೊದಲು ಸಿಕ್ಕಬೇಕಾದುದು ಅಲ್ಲಿಯೇ. ಮಾರ್ಟನ್ ಮತ್ತು ಅವನ ಸಹೋದ್ಯೋಗಿಗಳು ಗಂತಿಯಿದ್ದ ಜಾಗದಲ್ಲಿ ಚರ್ಮದೊಳಕ್ಕೆ ನೀಲಿ ಬಣ್ಣವನ್ನು ಚುಚ್ಚಿ, ಆ ನೀಲಿ ಹರಿದುಹೋದ ಜಾಡನ್ನು ಹಿಡಿದು, ನೀಲಿಯಾದ ಗ್ರಂಥಿಯನ್ನು ಮಾತ್ರ ತೆಗೆದರು. ಮೊದಲು ಬೆಕ್ಕುಗಳಲ್ಲಿ, ಬಳಿಕ 223 ಮಂದಿ ರೋಗಿಗಳಲ್ಲಿ ನಡೆಸಿದ ಈ ಕ್ರಮದ ವಿವರ 1992ರಲ್ಲಿ ಪ್ರಕಟವಾಯಿತು. ಮುಂದೆ ನೀಲಿ ಬಣ್ಣದ ಜೊತೆಗೆ ಟೆಕ್ನೀಶಿಯಂ ಎಂಬ ವಿಕಿರಣಶೀಲ ದ್ರವ್ಯವನ್ನೂ ಚುಚ್ಚಿ, ಅದು ಎಲ್ಲಿ ಸೇರಿದೆಯೆಂಬುದನ್ನು ಕೈಯಲ್ಲಿ ಹಿಡಿಯುವ ಒಂದು ಶೋಧಕದಿಂದ ಕಂಡುಹಿಡಿಯುವ ಕ್ರಮ ಬಂದಿತು. ಆ ದ್ರವ್ಯದ ಶಕ್ತಿ ಆರು ಗಂಟೆಗಳಲ್ಲಿ ಅರ್ಧಕ್ಕಿಳಿಯುವುದರಿಂದ ರೋಗಿಗೆ ಹೆಚ್ಚಿನ ಹಾನಿಯಿಲ್ಲ. ತೆಗೆದ ಗ್ರಂಥಿಯನ್ನು ತೆಳುವಾದ ಹಲವು ಸೀಳುಗಳಾಗಿ ಕೊಯ್ದು, ವಿಶೇಷ ವರ್ಣಕಗಳಿಂದ ಬಣ್ಣಗಟ್ಟಿಸಿ ನೋಡಿದರೆ ಕೆಲವೇ ಜೀವಕೋಶಗಳಷ್ಟು ಸೂಕ್ಷ್ಮವಾದ ರೋಗವೂ ಕಣ್ಣಿಗೆ ಬೀಳುತ್ತದೆ. ಶಸ್ತ್ರವೈದ್ಯನ ಕೈಚಳಕದಷ್ಟೇ ರೋಗಪರೀಕ್ಷಕನ ತಾಳ್ಮೆಯೂ ಇಲ್ಲಿ ಮುಖ್ಯ.

ಇಷ್ಟರವರೆಗೆ ಯಾರ ತಕರಾರೂ ಇಲ್ಲ. ಕಾವಲು ಗ್ರಂಥಿಯಲ್ಲಿ ರೋಗವಿದೆಯೇ ಇಲ್ಲವೇ ಎಂಬುದು ರೋಗಿಯ ಭವಿಷ್ಯವನ್ನು ಹೇಳುವ ಬಲವಾದ ಸೂಚನೆಯೆಂದು ಎಲ್ಲರೂ ಒಪ್ಪಿದ್ದಾರೆ. ಆದರೆ ಖಾತೆಯ ಶಿಲ್ಕು ಎಷ್ಟೆಂದು ತಿಳಿದ ಮಾತ್ರಕ್ಕೆ ಶಿಲ್ಕು ಹೆಚ್ಚುವುದಿಲ್ಲ. ಗ್ರಂಥಿಯನ್ನು ತೆಗೆದುದರಿಂದ ರೋಗಿಯ ಆಯುಸ್ಸು ಹೆಚ್ಚಿತೇ ಎಂಬುದೇ ವಿವಾದದ ತಿರುಳು.

ಇದನ್ನು ನಿರ್ಣಯಿಸಲು ಮಾರ್ಟನ್ನನೇ 1994ರಲ್ಲಿ ಒಂದು ದೊಡ್ಡ ಪರೀಕ್ಷೆಯನ್ನು ಆರಂಭಿಸಿದನು. ಎರಡು ಸಾವಿರ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಿಗೆ ಹಂಚಲಾಯಿತು. ಒಂದು ಗುಂಪಿಗೆ ಕಾವಲು ಗ್ರಂಥಿಯ ಪರೀಕ್ಷೆ, ಅದರಲ್ಲಿ ರೋಗ ಕಂಡರೆ ಉಳಿದ ಗ್ರಂಥಿಗಳನ್ನೂ ತೆಗೆಯುವುದು. ಇನ್ನೊಂದಕ್ಕೆ ಕಾದು ನೋಡುವುದು, ಗಂಟು ಎದ್ದರೆ ಆಗ ತೆಗೆಯುವುದು. ಹತ್ತು ವರ್ಷಗಳ ಕಡೆಯ ವರದಿ 2014ರ ಫೆಬ್ರವರಿಯಲ್ಲಿ ಹೊರಬಿದ್ದಿತು. ಅದಕ್ಕೆ ಒಂದು ತಿಂಗಳ ಮೊದಲು ಮಾರ್ಟನ್ ತೀರಿಕೊಂಡಿದ್ದನು. ನಡುದಪ್ಪದ, ಎಂದರೆ 1.2ರಿಂದ 3.5 ಮಿಲಿಮೀಟರಿನ ಗಂತಿಯಿದ್ದವರಲ್ಲಿ ಹತ್ತು ವರ್ಷಗಳವರೆಗೆ ಮೆಲನೋಮದಿಂದ ಸಾಯದೆ ಉಳಿದವರು ಮೊದಲ ಗುಂಪಿನಲ್ಲಿ ಶೇಕಡ 81.4, ಎರಡನೆಯದರಲ್ಲಿ ಶೇಕಡ 78.3. ಈ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು. ರೋಗ ಮರುಕಳಿಸದೆ ಉಳಿದವರ ಪ್ರಮಾಣದಲ್ಲಿ ಮೊದಲ ಗುಂಪು ಮುಂದಿತ್ತು: 71.3ಕ್ಕೆ 64.7. ಮರುಕಳಿಸುವ ಮುಖ್ಯ ಸ್ಥಾನವಾದ ಗ್ರಂಥಿಗಳನ್ನೇ ಮೊದಲೇ ತೆಗೆದಮೇಲೆ ಅಲ್ಲಿ ಮರುಕಳಿಸದಿರುವುದು ಆಶ್ಚರ್ಯವೇನೂ ಅಲ್ಲವೆಂದು ವಿರೋಧಿಗಳು ಹೇಳಿದುದರಲ್ಲಿ ಅರ್ಥವಿದೆ.

ಆದರೆ ವರದಿಯಲ್ಲಿ ಇನ್ನೊಂದು ಅಂಕಿಯಿತ್ತು. ಗ್ರಂಥಿಗೆ ರೋಗ ತಗುಲಿದವರನ್ನು ಮಾತ್ರ ಬೇರ್ಪಡಿಸಿ ನೋಡಿದರೆ, ಪರೀಕ್ಷೆಯಿಂದ ಬೇಗ ಪತ್ತೆಯಾದವರಲ್ಲಿ ಶೇಕಡ 62.1 ಮಂದಿ ಹತ್ತು ವರ್ಷ ಉಳಿದಿದ್ದರು. ಗಂಟು ಎದ್ದಮೇಲೆ ಪತ್ತೆಯಾದವರಲ್ಲಿ ಶೇಕಡ 41.5 ಮಾತ್ರ. ಇದೇ ತಮ್ಮ ಗೆಲುವೆಂದು ಮಾರ್ಟನ್ನನ ಪಕ್ಷದವರು ಸಾರಿದರು. ಅವರಿಗೆ ಎದುರಾಗಿ ನಿಂತವರಲ್ಲಿ ಪ್ರಮುಖನು ಲಂಡನ್ನಿನ ರಾಯಲ್ ಮಾರ್ಸ್ಡನ್ ಆಸ್ಪತ್ರೆಯ ಮೈರಿಯನ್ ಥಾಮಸ್. ನೂರು ವರ್ಷಗಳ ಹಿಂದೆ ಹರ್ಬರ್ಟ್ ಸ್ನೋ ಗ್ರಂಥಿಗಳನ್ನು ತೆಗೆಯಬೇಕೆಂದು ವಾದಿಸಿದ ಆಸ್ಪತ್ರೆಯೇ ಹೆಸರು ಬದಲಾಯಿಸಿಕೊಂಡು ಈಗ ಇದಾಗಿರುವುದು ವಿಚಿತ್ರವಾದ ಕಾಕತಾಳೀಯ. ಥಾಮಸ್‌ನ ಆಕ್ಷೇಪಣೆ ಹೀಗಿತ್ತು: ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ನಾಲ್ಕಾರು ಕಣಗಳು ಎಲ್ಲರಲ್ಲಿಯೂ ಬೆಳೆದು ಗಂಟಾಗುತ್ತವೆಂದು ಹೇಗೆ ಹೇಳುವುದು? ಕೆಲವರಲ್ಲಿ ಶರೀರವೇ ಅವನ್ನು ಅಳಿಸಿಹಾಕಬಹುದು. ಅಂಥವರನ್ನು ರೋಗಿಗಳೆಂದು ಎಣಿಸಿ, ಅವರು ಬದುಕಿದುದನ್ನು ಶಸ್ತ್ರಕ್ರಿಯೆಯ ಫಲವೆಂದು ಜಮಾ ಕಟ್ಟುವುದು ಸರಿಯಲ್ಲ. ಮೇಲಾಗಿ ಚೀಟಿ ಎತ್ತಿ ಹಂಚಿದುದು ಇಡೀ ಗುಂಪುಗಳನ್ನು; ಆಮೇಲೆ ಒಳಗಿನಿಂದ ಕೆಲವರನ್ನು ಹೆಕ್ಕಿ ಹೋಲಿಸಿದರೆ ಹಂಚಿಕೆಯ ನಿಷ್ಪಕ್ಷಪಾತ ಕೆಟ್ಟುಹೋಗುತ್ತದೆ. ಮಾರ್ಟನ್ನನ ಪಕ್ಷದ ಉತ್ತರ: ಹತ್ತು ವರ್ಷಗಳ ಕೊನೆಗೆ ಗ್ರಂಥಿರೋಗ ಕಂಡವರ ಪ್ರಮಾಣ ಎರಡು ಗುಂಪುಗಳಲ್ಲಿಯೂ ಸುಮಾರು ಐದರಲ್ಲಿ ಒಂದು ಪಾಲು, ಸೂಕ್ಷ್ಮ ಕಣಗಳು ತಾವಾಗಿಯೇ ಅಳಿಯುತ್ತಿದ್ದರೆ ಮೊದಲ ಗುಂಪಿನಲ್ಲಿ ಅದು ಬಹಳ ಹೆಚ್ಚಾಗಿ ಇರಬೇಕಾಗಿತ್ತು.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿದರೆ ಎರಡು ಪಕ್ಷಗಳೂ ಒಂದೇ ಅಂಕಿಯನ್ನು ಎರಡು ಕಡೆಯಿಂದ ಓದುತ್ತಿವೆಯೆಂಬುದು ತಿಳಿಯುತ್ತದೆ. ಐದರಲ್ಲಿ ಒಂದು ಪಾಲಿನವರಿಗೆ ಶೇಕಡ 20ರಷ್ಟು ಲಾಭವಾದರೆ ಇಡೀ ಗುಂಪಿನ ಮೇಲೆ ಹರಡಿದಾಗ ಅದು ಶೇಕಡ 4 ಆಗುತ್ತದೆ. ವಾಸ್ತವವಾಗಿ ಕಂಡುಬಂದುದು ಶೇಕಡ 3.1. ಇಷ್ಟು ಸಣ್ಣ ಅಂತರವನ್ನು ಆಕಸ್ಮಿಕದಿಂದ ಬೇರ್ಪಡಿಸಬೇಕಾದರೆ ಆ ಪರೀಕ್ಷೆಯಲ್ಲಿದ್ದುದಕ್ಕಿಂತ ಎಷ್ಟೋ ಹೆಚ್ಚು ಜನ ಬೇಕು. ಲಾಭವಿದೆಯೆಂದು ಸಿದ್ಧವಾಗಲಿಲ್ಲ, ಇಲ್ಲವೆಂದೂ ಸಿದ್ಧವಾಗಲಿಲ್ಲ. ಇಷ್ಟನ್ನು ಒಪ್ಪಿಕೊಂಡಿದ್ದರೆ ಎರಡು ಪಕ್ಷದವರಿಗೂ ಮಾನ ಉಳಿಯುತ್ತಿತ್ತು. ಆದರೆ ವಿದ್ವಾಂಸರ ಜಗಳಗಳಲ್ಲಿ ಅಷ್ಟು ಸುಲಭವಾಗಿ ತೆರೆ ಬೀಳುವುದಿಲ್ಲ.

ಜಗಳದ ಒಂದು ಭಾಗವಂತೂ ಖಚಿತವಾಗಿ ಇತ್ಯರ್ಥವಾಯಿತು. ಕಾವಲು ಗ್ರಂಥಿಯಲ್ಲಿ ರೋಗ ಕಂಡಮೇಲೆ ಉಳಿದ ಗ್ರಂಥಿಗಳನ್ನೆಲ್ಲ ತೆಗೆಯಬೇಕೇ? ಜರ್ಮನಿಯ ಒಂದು ಪರೀಕ್ಷೆ 2016ರಲ್ಲಿ ಬೇಡವೆಂದಿತು. ಮಾರ್ಟನ್ನನ ಶಿಷ್ಯವರ್ಗ 1,900ಕ್ಕೂ ಹೆಚ್ಚು ರೋಗಿಗಳಲ್ಲಿ ನಡೆಸಿದ ಎರಡನೆಯ ಪರೀಕ್ಷೆಯ ಫಲ 2017ರಲ್ಲಿ ಪ್ರಕಟವಾಯಿತು: ಮೂರು ವರ್ಷಗಳ ಕೊನೆಗೆ ಎರಡು ಗುಂಪುಗಳಲ್ಲಿಯೂ ಉಳಿದವರು ಶೇಕಡ 86. ಕಾಲೋ ಕೈಯೋ ಬಾತುಕೊಂಡವರು ಎಲ್ಲ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಶೇಕಡ 24.1, ತೆಗೆಸಿಕೊಳ್ಳದವರಲ್ಲಿ ಶೇಕಡ 6.3. ಸ್ನೋನ ಕಾಲದಿಂದ ನಡೆದುಬಂದ ದೊಡ್ಡ ಶಸ್ತ್ರಕ್ರಿಯೆ ಹೀಗೆ ಹಿಂದೆ ಸರಿಯಿತು.

ಇಷ್ಟರಲ್ಲಿ ಕಣದ ಹೊರಗಿನಿಂದ ಹೊಸ ಶಕ್ತಿಯೊಂದು ಬಂದು ವಾದದ ಸ್ವರೂಪವನ್ನೇ ಬದಲಿಸಿತು. ಶರೀರದ ರಕ್ಷಣಾಶಕ್ತಿಗೆ ಹಾಕಿದ ಕಡಿವಾಣವನ್ನು ಸಡಿಲಿಸುವ ಔಷಧಗಳು ಇವು. ಇವುಗಳ ಮೂಲತತ್ತ್ವವನ್ನು ಕಂಡ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪಾರಿತೋಷಕ ಸಂದಿತು. ಗ್ರಂಥಿಯಲ್ಲಿ ರೋಗವಿದ್ದವರಿಗೆ ಶಸ್ತ್ರಕ್ರಿಯೆಯ ಬಳಿಕ ಇವನ್ನು ಕೊಟ್ಟರೆ ರೋಗ ಮರುಕಳಿಸುವುದು ಕಡಿಮೆಯಾಗುತ್ತದೆಂದು ತಿಳಿದಮೇಲೆ, ಯಾರಿಗೆ ಕೊಡಬೇಕೆಂದು ಹೇಳುವ ಕೆಲಸ ಕಾವಲು ಗ್ರಂಥಿಗೆ ಬಂದಿತು. ಶಿಲ್ಕನ್ನು ತಿಳಿದುಕೊಳ್ಳುವುದಕ್ಕೆ ಈಗ ಒಂದು ಪ್ರಯೋಜನ ಒದಗಿತು. ಆದರೆ ಗ್ರಂಥಿಯಲ್ಲಿ ರೋಗವಿಲ್ಲದಿದ್ದರೂ ಗಂತಿ ಬಹಳ ದಪ್ಪವಾಗಿದ್ದವರಿಗೂ ಇದೇ ಔಷಧವನ್ನು ಕೊಡಬಹುದೆಂದು ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆಯಾಯಿತು. ಹೇಗಿದ್ದರೂ ಔಷಧ ಕೊಡುವುದಾದರೆ ಗ್ರಂಥಿಯನ್ನು ಏಕೆ ತೆಗೆಯಬೇಕೆಂದು ವಿರೋಧಿಗಳು ಮತ್ತೆ ಎದ್ದರು. ಗಂಟು ಎದ್ದವರಿಗೆ ಶಸ್ತ್ರಕ್ರಿಯೆಗೆ ಮೊದಲೇ ಔಷಧ ಕೊಟ್ಟರೆ ಫಲ ಬಹಳ ಮೇಲೆಂದು 2023 ಮತ್ತು 2024ರ ಪರೀಕ್ಷೆಗಳು ತೋರಿಸಿದುವು. ಕಾದು ನೋಡುವುದು ಹಿಂದಿನಷ್ಟು ಅಪಾಯಕರವಲ್ಲವೆಂಬ ಮಾತಿಗೆ ಇದರಿಂದ ಬಲ ಬಂದಿದೆ. ಈಗ ಒಂದರಿಂದ ನಾಲ್ಕು ಮಿಲಿಮೀಟರಿನ ಗಂತಿಗೆ ಪರೀಕ್ಷೆ ಮಾಡುವುದು, 0.8ಕ್ಕಿಂತ ತೆಳುವಾಗಿದ್ದು ಹುಣ್ಣಾಗದಿದ್ದರೆ ಮಾಡದಿರುವುದು, ಉಳಿದವುಗಳಲ್ಲಿ ರೋಗಿಯೊಡನೆ ವಿಚಾರಿಸಿ ನಿರ್ಧರಿಸುವುದು ಬಹುಜನರ ಒಪ್ಪಿಗೆ ಪಡೆದ ಕ್ರಮವಾಗಿದೆ.

ಗಂಟು ಕಾಣದಿದ್ದರೂ ಗ್ರಂಥಿಗಳನ್ನು ತೆಗೆಯಬೇಕೇ ಎಂಬ ಇದೇ ಪ್ರಶ್ನೆಯನ್ನು ಬಾಯಿಯ ಏಡಿಗಂತಿಯ ವಿಷಯದಲ್ಲಿ ಕೇಳಿ, ತದ್ವಿರುದ್ಧವಾದ ಉತ್ತರವನ್ನು ಪಡೆದುದು ನಮ್ಮ ದೇಶದಲ್ಲಿಯೇ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2004ರಿಂದ ನಡೆಸಿ 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕುತ್ತಿಗೆಯ ಗ್ರಂಥಿಗಳನ್ನು ಮೊದಲೇ ತೆಗೆದವರಲ್ಲಿ ಮೂರು ವರ್ಷ ಬದುಕಿದವರು ಶೇಕಡ 80, ಗಂಟು ಎದ್ದಮೇಲೆ ತೆಗೆದವರಲ್ಲಿ ಶೇಕಡ 67.5. ಬಾಯಿಯ ಏಡಿಗಂತಿ ಬಹುಕಾಲ ಕುತ್ತಿಗೆಯ ಗ್ರಂಥಿಗಳಲ್ಲಿಯೇ ನಿಂತು ಅಲ್ಲಿಂದ ಮುಂದುವರಿಯುತ್ತದೆ. ಗ್ರಂಥಿ ಅದಕ್ಕೆ ಮೆಟ್ಟಿಲು. ಮೆಲನೋಮವಾದರೋ ದುಗ್ಧನಾಳವನ್ನು ಹಿಡಿದಾಗಲೇ ಅನೇಕ ವೇಳೆ ರಕ್ತನಾಳವನ್ನೂ ಹಿಡಿದಿರುತ್ತದೆ. ಗ್ರಂಥಿಯಲ್ಲಿ ಕಾಣುವುದು ಆಗಿಹೋದುದರ ಗುರುತು. ಬಾಯಿಯ ಏಡಿಗಂತಿಯಲ್ಲಿಯೂ ಕುತ್ತಿಗೆಯನ್ನೆಲ್ಲ ಬರಿದುಮಾಡುವ ಬದಲು ಕಾವಲು ಗ್ರಂಥಿಯಿಂದಲೇ ನಡೆಯಬಹುದೆಂದು ಫ್ರಾನ್ಸಿನಲ್ಲಿ 2020ರಲ್ಲಿ, ಜಪಾನಿನಲ್ಲಿ 2021ರಲ್ಲಿ ಪ್ರಕಟವಾದ ಪರೀಕ್ಷೆಗಳು ಹೇಳಿವೆ. ತಂಬಾಕಿನ ದೆಸೆಯಿಂದ ಬಾಯಿಯ ಏಡಿಗಂತಿ ತುಂಬಿದ ಕಲ್ಯಾಣ ಕರ್ನಾಟಕಕ್ಕೆ ಕಾವಲು ಗ್ರಂಥಿಯ ವಿದ್ಯೆ ಮೆಲನೋಮಕ್ಕಿಂತ ಅಲ್ಲಿಯೇ ಹೆಚ್ಚು ಉಪಯೋಗಕ್ಕೆ ಬರಬಹುದು.

ಮತ್ತೆ ಲಿಂಗಂಪಲ್ಲಿಯಲ್ಲಿ ಇಳಿದ ಆ ರೋಗಿಯ ಕಡೆಗೆ ಬರಬಹುದು. ಮೇಲೆ ಹೇಳಿದ ಅಂಕಿಗಳೆಲ್ಲ ಬಹುಮಟ್ಟಿಗೆ ಅಮೆರಿಕ, ಯೂರೋಪು, ಆಸ್ಟ್ರೇಲಿಯಗಳ ಬಿಳಿಯ ಚರ್ಮದವರಿಂದ ಬಂದವು. ಅಂಗಾಲಿನ ಮೆಲನೋಮದ ಸ್ವಭಾವವೇ ಬೇರೆ. ಅದು ತಡವಾಗಿ, ದಪ್ಪವಾದಮೇಲೆ ಕಣ್ಣಿಗೆ ಬೀಳುತ್ತದೆ. ಹೊಸ ಔಷಧಗಳಿಗೂ ಬಿಸಿಲಿನಿಂದ ಹುಟ್ಟಿದ ಮೆಲನೋಮದಷ್ಟು ಮಣಿಯುವುದಿಲ್ಲ. ಆ ಔಷಧಗಳ ಬೆಲೆಯೋ ಲಕ್ಷಗಳಲ್ಲಿ. ಟಾಟಾ ಆಸ್ಪತ್ರೆಯವರು ತಲೆ-ಕುತ್ತಿಗೆಯ ಏಡಿಗಂತಿಯಲ್ಲಿ ನಿವೊಲುಮಾಬ್ ಎಂಬ ಔಷಧವನ್ನು ರೂಢಿಯ ಪ್ರಮಾಣಕ್ಕಿಂತ ಬಹಳ ಕಡಿಮೆ, ಕೇವಲ 20 ಮಿಲಿಗ್ರಾಂ, ಕೊಟ್ಟೂ ಪ್ರಯೋಜನ ಕಂಡಿದ್ದಾರೆ. ಮೆಲನೋಮಕ್ಕೂ ಅದು ಹೊಂದುವುದೇ ಎಂಬುದು ಬೇರೆ ಮಾತು. ಔಷಧ ಕೊಳ್ಳಲಾರದವನಿಗೆ, ಔಷಧ ಬೇಕೇ ಎಂದು ಹೇಳುವುದಕ್ಕಾಗಿಯೇ ಮಾಡುವ ಪರೀಕ್ಷೆಯಿಂದ ಏನು ಫಲವೆಂದು ಕೇಳುವುದು ನ್ಯಾಯವೇ ಆಗಿದೆ.

ಹಾಗೆಂದು ಪರೀಕ್ಷೆಯೇ ಬೇಡವೆಂದುಬಿಡುವುದು ಅವಸರದ ತೀರ್ಮಾನವಾದೀತು. 2017ರ ಪರೀಕ್ಷೆಯಲ್ಲಿ ಕಾದು ನೋಡಿದವರನ್ನು ಸುಮ್ಮನೆ ಮನೆಗೆ ಕಳುಹಿಸಿರಲಿಲ್ಲ. ಮೊದಲ ಎರಡು ವರ್ಷ ನಾಲ್ಕು ತಿಂಗಳಿಗೊಮ್ಮೆ, ಐದನೆಯ ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಬಳಿಕ ವರ್ಷಕ್ಕೊಮ್ಮೆ ಧ್ವನಿತರಂಗದ ಯಂತ್ರದಿಂದ, ಎಂದರೆ ಅಲ್ಟ್ರಾಸೌಂಡಿನಿಂದ, ಗ್ರಂಥಿಗಳನ್ನು ನೋಡುತ್ತಿದ್ದರು. ಕಾದು ನೋಡುವುದೆಂದರೆ ನೋಡುವುದೂ ಸೇರಿದೆ. ಬಿತ್ತನೆಯ ಕಾಲಕ್ಕೆ ಊರು ಬಿಡಲಾರದವನು, ಕೂಲಿ ಬಿಟ್ಟು ಇಬ್ಬರ ರೈಲು ಖರ್ಚು ಹೊಂದಿಸಬೇಕಾದವನು ಎರಡನೆಯ ಸಲಕ್ಕೆ ಬಂದಾನು, ನಾಲ್ಕನೆಯ ಸಲಕ್ಕೆ ಬರುವುದು ಕಷ್ಟ. ಮತ್ತೆ ಬಾರದವನ ಪಾಲಿಗೆ ಒಂದೇ ಸಲದ ಶಸ್ತ್ರಕ್ರಿಯೆಯಲ್ಲಿ ಕಾವಲು ಗ್ರಂಥಿಯೂ ತೆಗೆಯಲ್ಪಟ್ಟಿದ್ದರೆ ತೊಡೆಸಂದಿನಲ್ಲಿ ಒಡೆದ ಹುಣ್ಣಿನೊಡನೆ ಒಂದು ವರ್ಷ ತಡವಾಗಿ ಬರುವ ದುರವಸ್ಥೆ ಬಹುಮಟ್ಟಿಗೆ ತಪ್ಪುತ್ತದೆ. ಲಂಡನ್ನಿನಲ್ಲಿ ಅತಿಯೆನಿಸಿದುದು ಇಲ್ಲಿ ವಿವೇಕವೆನಿಸಬಹುದು. ವಿಕಿರಣದ ಸೌಕರ್ಯವಿಲ್ಲದ ಕಡೆ ಅಗ್ಗದ ಮೆಥಿಲೀನ್ ನೀಲಿಯಿಂದಲೂ ಕೆಲಸ ನಡೆಸುವುದುಂಟು. ಆದರೆ ತೆಗೆದ ಗ್ರಂಥಿಯನ್ನು ಒಂದೇ ಸೀಳಿನಲ್ಲಿ ನೋಡಿ ರೋಗವಿಲ್ಲವೆಂದು ಬರೆದುಬಿಟ್ಟರೆ ಅದು ರೋಗಿಗೆ ಮಾಡಿದ ವಂಚನೆಯಾಗುತ್ತದೆ.

ನಾಲ್ಕು ತಿಂಗಳಿಗೊಮ್ಮೆ ಆಗಬೇಕಾದ ತಪಾಸಣೆಗೆ ಪ್ರತಿಯೊಂದು ಸಲವೂ ಹೈದರಾಬಾದಿಗೆ ಬರಬೇಕೆಂದೇನೂ ಇಲ್ಲ. ಅಲ್ಟ್ರಾಸೌಂಡ್ ಯಂತ್ರ ಈಗ ಜಿಲ್ಲಾ ಕೇಂದ್ರಗಳಲ್ಲೆಲ್ಲ ಇದೆ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆಯೇ ಇದೆ. ತೊಡೆಸಂದಿನ ಗ್ರಂಥಿಗಳನ್ನು ನೋಡಬೇಕೆಂದು ಅಲ್ಲಿಯವರಿಗೆ ತಿಳಿಸುವ ಕಾಗದವೊಂದು ರೋಗಿಯ ಕೈಯಲ್ಲಿರಬೇಕು. ಆಸ್ಪತ್ರೆಯಿಂದ ಬಿಡುವಾಗ ಕೊಡುವ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಬಾಯಿಮಾತಿನ ವಿವರಣೆ ತೆಲುಗಿನಲ್ಲಿಯೋ ಉರ್ದುವಿನಲ್ಲಿಯೋ ನಡೆಯುತ್ತದೆ. ಔರಾದಿನಿಂದಲೋ ಸೇಡಂನಿಂದಲೋ ಬಂದವನಿಗೆ ಈ ಭಾಷೆಗಳು ಕಿವಿಗೆ ಹೊಸವಲ್ಲದಿದ್ದರೂ ಮಿಲಿಮೀಟರಿನ ಲೆಕ್ಕ ಅವುಗಳಲ್ಲಿ ಮನಸ್ಸಿಗೆ ಇಳಿಯುವುದಿಲ್ಲ. ನಗರದಲ್ಲಿ ನೆಂಟನೋ ಪರಿಚಿತನೋ ಆದ ಕನ್ನಡಿಗನ ಮನೆಗೆ ಆ ಚೀಟಿ ಬರುವುದು ಸಾಮಾನ್ಯ. ಅದನ್ನು ಓದಿ ಹೇಳುವವರು ಅದರಲ್ಲಿ ಹುಡುಕಬೇಕಾದುದು ಇಷ್ಟು: ಗಂತಿಯ ದಪ್ಪ ಎಷ್ಟು ಮಿಲಿಮೀಟರು, ಅದು ಹುಣ್ಣಾಗಿತ್ತೇ, ಕಾವಲು ಗ್ರಂಥಿಗಳು ಎಷ್ಟು ಸಿಕ್ಕಿದವು, ಅವುಗಳಲ್ಲಿ ಎಷ್ಟರಲ್ಲಿ ರೋಗವಿತ್ತು, ಮುಂದಿನ ತಪಾಸಣೆ ಯಾವ ತಿಂಗಳು. ಇವುಗಳಲ್ಲಿ ಯಾವುದಾದರೂ ಬರೆದಿಲ್ಲದಿದ್ದರೆ ಊರಿನ ರೈಲು ಹತ್ತುವ ಮೊದಲೇ ಆಸ್ಪತ್ರೆಗೆ ಹಿಂತಿರುಗಿ ಬರೆಯಿಸಿಕೊಳ್ಳುವುದು ಒಳ್ಳೆಯದು.